ನಲವತ್ತರಲ್ಲಿ ಕೂಲಿ ಕಂಡ ಸೂಜಿ

ಚಿತ್ರದುರ್ಗದಿಂದ ಹೊಸಪೇಟೆಯ ಕಡೆಗೆ ಹೊರಟ ಹೆದ್ದಾರಿಯು ಕೂಡ್ಲಿಗಿಯನ್ನು ಮುಟ್ಟುವ ಮುನ್ನ ಹೊಸಹಳ್ಳಿಯನ್ನು ಹಾಯ್ದುಹೋಗುತ್ತದೆ. ಸುತ್ತಿನವರು ಇದನ್ನು ಕಾನಾಹೊಸಹಳ್ಳಿ ಎಂದು ಕರೆಯುವುದುಂಟು. ಹಳ್ಳಿಯ ಹೆಸರು ಹೊಸದಾದರೂ ಸೀಮೆಯ ಕಷ್ಟ ಹಳೆಯದು: ಮಳೆ ಕಡಿಮೆ, ಬಿಸಿಲು ಹೆಚ್ಚು. ಶೇಂಗಾ, ಜೋಳ, ರಾಗಿಗಳ ಹೊಲಗಳು. ಅವುಗಳ ನಡುವೆ ಬೋಳು ಬಂಡೆಗಳ ಗುಡ್ಡಗಳು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯು ರೂಪುಗೊಂಡಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಹೊಸಪೇಟೆಯೊಡನೆ ಅದಕ್ಕೆ ಸೇರಿದವು. ಈ ತಾಲ್ಲೂಕುಗಳಲ್ಲಿ ಪಯಣಿಸುವವರಿಗೆ ಊರಿನಿಂದ ತುಸು ದೂರದಲ್ಲಿ, ಗುಡ್ಡದ ಮಗ್ಗುಲಲ್ಲೋ ಹಳ್ಳದ ದಂಡೆಯಲ್ಲೋ, ಲಂಬಾಣಿಗರ ತಾಂಡಾಗಳು ಕಣ್ಣಿಗೆ ಬೀಳುತ್ತವೆ.

ಇಂಥ ಯಾವುದಾದರೊಂದು ತಾಂಡಾದ ಮಧ್ಯಾಹ್ನವನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬಹುದು. ಬೇವಿನ ಮರದ ನೆರಳಿನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಕುಳಿತಿದ್ದಾಳೆ. ಮಡಿಲಲ್ಲಿ ಕೆಂಪು ಬಟ್ಟೆ, ಪಕ್ಕದಲ್ಲಿ ಬಣ್ಣಬಣ್ಣದ ನೂಲಿನ ಲಡಿ, ಒಂದು ಡಬ್ಬಿಯಲ್ಲಿ ಬೆರಳ ತುದಿಯಷ್ಟಗಲದ ಕನ್ನಡಿಯ ಬಿಲ್ಲೆಗಳು. ಆಕೆ ಸೂಜಿಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನೂಲು ಪೋಣಿಸಲು ಯತ್ನಿಸುತ್ತಾಳೆ. ಎರಡು ಸಲ ತಪ್ಪಿ ಮೂರನೆಯ ಸಲ ಮಗಳನ್ನು ಕೂಗುತ್ತಾಳೆ. ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂಬ ಇನ್ನೊಂದು ಹೆಸರುಂಟು. ಚಾಳೀಸು ಎಂದರೆ ನಲವತ್ತು. ಆ ವಯಸ್ಸಿಗೆ ಬೇಕಾಗುವುದರಿಂದ ಅದಕ್ಕೆ ಆ ಹೆಸರು. ಬಹುಮಂದಿ ಇನ್ನು ಹೊಸದೊಂದನ್ನು ಕಲಿಯುವ ಕಾಲ ಕಳೆಯಿತೆಂದು ನಿಟ್ಟುಸಿರು ಬಿಡುವ ವಯಸ್ಸು ಅದು. ಈ ಹೆಂಗಸಿಗಾದರೋ ಸೂಜಿ ಹಿಡಿದುದಕ್ಕೆ ಮೊದಲ ಕೂಲಿ ದೊರೆತದ್ದೇ ಆ ವಯಸ್ಸಿನಲ್ಲಿ.

ಸೂಜಿ ಹೊಸದಲ್ಲ. ಹೊಸದಾಗಿ ಬಂದುದು ಕೂಲಿ. ಇವೆರಡರ ನಡುವಿನ ಅಂತರದಲ್ಲಿ ಒಂದು ಜನಾಂಗದ ಹೆಂಗಸರ ಮೂವತ್ತು ವರ್ಷಗಳ ದುಡಿಮೆ ಅಡಗಿದೆ.

ಹೊಲಿದದ್ದು ಯಾರಿಗಾಗಿ?

ಲಂಬಾಣಿ ಹೆಂಗಸಿನ ಉಡುಗೆಯನ್ನು ಜಾತ್ರೆಯಲ್ಲೋ, ಉತ್ಸವದ ಮೆರವಣಿಗೆಯಲ್ಲೋ ಕಾಣದವರು ಕನ್ನಡ ನಾಡಿನಲ್ಲಿ ವಿರಳ. ನೆರಿಗೆ ತುಂಬಿದ ಲಂಗ ಫೇಟಿಯಾ. ಮುಂಭಾಗವನ್ನು ಮುಚ್ಚಿ ಬೆನ್ನಿನ ಮೇಲೆ ದಾರಗಳಿಂದ ಬಿಗಿಯುವ ಕುಪ್ಪಸ ಕಾಂಚಳಿ. ತಲೆಯಿಂದ ಬೆನ್ನಿನ ಕೆಳಗಿನವರೆಗೆ ಇಳಿಬೀಳುವ ಮುಸುಕು ಛಾಂಟಿಯಾ. ಈ ಮೂರರ ಮೇಲೂ ಕಸೂತಿ, ಕನ್ನಡಿ, ಕವಡೆ, ನಾಣ್ಯ, ಮಣಿ, ಉಣ್ಣೆಯ ಗೊಂಡೆ. ಕೂದಲ ಎರಡು ಪಕ್ಕಗಳಲ್ಲಿ ತೂಗಾಡುವ ಬೆಳ್ಳಿಯ ಘುಗರಿ-ಟೋಪ್ಲಿಯನ್ನು ಕಂಡರೆ ಆಕೆ ವಿವಾಹಿತೆಯೆಂದು ತಿಳಿಯುತ್ತದೆ. ಉಡುಗೆಯೇ ಆಕೆಯ ಗುರುತಿನ ಪತ್ರ.

ಇದನ್ನು ಯಾವ ದರ್ಜಿಯೂ ಹೊಲಿದುಕೊಡುತ್ತಿರಲಿಲ್ಲ. ಹುಡುಗಿಗೆ ಸೂಜಿ ಹಿಡಿಯುವಷ್ಟು ಬೆರಳು ಬಲಿತೊಡನೆ ತಾಯಿ ಹರಕು ಬಟ್ಟೆಯ ತುಂಡೊಂದನ್ನು ಕೈಗಿಡುತ್ತಿದ್ದಳು. ಅಜ್ಜಿ, ಅತ್ತೆ, ಅಕ್ಕಂದಿರ ನಡುವೆ ಕುಳಿತು, ಕಂಡು, ಬಿಚ್ಚಿ, ಮತ್ತೆ ಹಾಕಿ ಕಲಿಯುವುದೇ ಪಾಠ. ಹುಡುಗಿ ಬೆಳೆದಂತೆ ಮದುವೆಯ ಉಡುಗೆಯೂ ಬೆಳೆಯುತ್ತಿತ್ತು. ದನ ಮೇಯಿಸುವಾಗ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗ, ರಾತ್ರಿ ಬುಡ್ಡಿದೀಪದ ಮುಂದೆ, ಹೀಗೆ ಸಿಕ್ಕಿದ ಬಿಡುವಿನಲ್ಲೆಲ್ಲ ಸೂಜಿ ಓಡಿದರೂ ಪೂರ್ಣ ಉಡುಗೆಯೊಂದು ಮುಗಿಯಲು ತಿಂಗಳುಗಳೇ ಹಿಡಿಯುತ್ತಿದ್ದವು. ನೀರಿನ ಕೊಡದ ಅಡಿಗೆ ತಲೆಯ ಮೇಲಿಡುವ ಸಿಂಬೆಗೂ, ಮದುವೆಯ ಸಾಮಾನು ತುಂಬುವ ಚೀಲಕ್ಕೂ ಕಸೂತಿಯ ಅಲಂಕಾರ ತಪ್ಪುತ್ತಿರಲಿಲ್ಲ.

ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಕನ್ಯೆಯರು ದೀಪ ಹಿಡಿದು ತಾಂಡಾದ ಮನೆಮನೆಗೂ ಹೋಗಿ ಹಿರಿಯರಿಗೆ ‘ಮೇರಾ’ ಹಾರೈಕೆಯನ್ನು ಸಲ್ಲಿಸುವ ಸಂಪ್ರದಾಯವಿದೆ. ದೀಪದ ಬೆಳಕು ನೂರಾರು ಕನ್ನಡಿಗಳಿಗೆ ಬಡಿದು ಗೋಡೆಗಳ ಮೇಲೆ ಚೆಲ್ಲುವ ಆ ಹೊತ್ತಿನಲ್ಲಿ ಯಾರ ಕೈ ಹದವಾದುದು, ಯಾರದು ಅವಸರದ್ದು ಎಂಬುದು ತಾಂಡಾದ ಹೆಂಗಸರಿಗೆಲ್ಲ ಗೊತ್ತಾಗುತ್ತಿತ್ತು. ಹೊಲಿದವಳಿಗೆ ಸಲ್ಲುತ್ತಿದ್ದ ಸಂಭಾವನೆ ಅಷ್ಟೆ. ಇದಕ್ಕೆ ಬೆಲೆ ಎಷ್ಟೆಂದು ಕೇಳಿದವರಿಲ್ಲ. ಮಾರುವ ವಸ್ತುವೆಂದು ಯಾರೂ ಭಾವಿಸಿರಲಿಲ್ಲ.

ಗುಳೆಯ ದಾರಿ, ಸಂತೆಯ ದಾರಿ

ಲಂಬಾಣಿಗರು ಮೂಲತಃ ಸಂಚಾರಿ ವರ್ತಕರು. ಲವಣ ಸಾಗಿಸುತ್ತಿದ್ದುದರಿಂದಲೇ ಲಮಾಣಿ ಎಂಬ ಹೆಸರು ಬಂದಿತೆಂದು ಹೇಳುವವರುಂಟು. ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದ ಇವರ ತಂಡಗಳನ್ನು ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವರ್ನಿಯೆ ಕಂಡು ಬರೆದಿದ್ದಾನೆ. 1791-92ರಲ್ಲಿ ಕಾರ್ನ್‌ವಾಲಿಸನ ದಂಡು ಶ್ರೀರಂಗಪಟ್ಟಣದ ಮೇಲೆ ಏರಿಬಂದಾಗ ಅದಕ್ಕೆ ದವಸ ಒದಗಿಸಿದವರಲ್ಲಿ ಇವರು ಪ್ರಮುಖರು. ತರುವಾಯ ಹೆದ್ದಾರಿಗಳೂ ರೈಲೂ ಬಂದವು. ಎತ್ತಿನ ಬೆನ್ನಿನ ವ್ಯಾಪಾರ ಮುರಿದುಬಿತ್ತು. ಅಲೆಯುವವರೆಂಬ ಕಾರಣಕ್ಕೆ ಇವರ ಹಲವು ಗುಂಪುಗಳನ್ನು ಬ್ರಿಟಿಷ್ ಸರ್ಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕಟ್ಟಿಗೆ ಒಳಪಡಿಸಿತು. ಅಲೆದಾಟ ನಿಂತು ತಾಂಡಾಗಳು ನೆಲೆಯೂರಿದ್ದು ಬಹುಮಟ್ಟಿಗೆ ಒಣಭೂಮಿಯ ಅಂಚಿನಲ್ಲಿ.

ಒಣಭೂಮಿ ವರ್ಷವಿಡೀ ಅನ್ನ ಹಾಕದು. ಸುಗ್ಗಿ ಮುಗಿದೊಡನೆ ಈ ತಾಲ್ಲೂಕುಗಳ ತಾಂಡಾಗಳಿಂದ ಸಂಸಾರಗಳು ಗುಳೆ ಹೊರಡುವುದು ತಲೆಮಾರುಗಳ ವಾಡಿಕೆ. ಮಂಡ್ಯದ ಕಬ್ಬಿನ ಗದ್ದೆ, ಮಲೆನಾಡಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡದ ಕೆಲಸ. ಬಾಗಿಲಿಗೆ ಮುಳ್ಳು ಬಡಿದು, ಮುದುಕರನ್ನು ಮನೆಗೆ ಕಾವಲಿಟ್ಟು, ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದವರು ಯುಗಾದಿಯ ಹೊತ್ತಿಗೋ ಮುಂಗಾರಿನ ಹೊತ್ತಿಗೋ ಮರಳುತ್ತಾರೆ. ಕಬ್ಬು ಕಡಿಯುವಲ್ಲಿ ಕನ್ನಡಿಯ ಕಾಂಚಳಿ ತೊಡುವುದುಂಟೆ? ಸೀರೆ ಬಂದಿತು. ಶಾಲೆಗೆ ಹೋದ ಹೆಣ್ಣುಮಕ್ಕಳಿಗೆ ಸಹಪಾಠಿಗಳ ನಗೆ ನಾಟಿತು. ಅವರು ಚೂಡಿದಾರಕ್ಕೆ ಹೊರಳಿದರು. ಅಮ್ಮನ ಉಡುಗೆ ಪೆಟ್ಟಿಗೆ ಸೇರಿತು.

ಪೆಟ್ಟಿಗೆಯಿಂದ ಅದು ಮೊದಲು ಹೊರಬಿದ್ದುದು ಅಡ್ಡದಾರಿಯಲ್ಲಿ. ಪ್ರವಾಸಿಗರಿಗೆ ಹಳೆಯ ಕಸೂತಿಯ ಮೋಹ ಹತ್ತಿದಾಗ ವ್ಯಾಪಾರಿಗಳು ತಾಂಡಾಗಳಿಗೆ ಬಂದು, ಕಷ್ಟದಲ್ಲಿದ್ದವರ ಮದುವೆಯ ಉಡುಗೆಗಳನ್ನು ಪುಡಿಗಾಸಿಗೆ ಕೊಂಡೊಯ್ದರು. ಹಂಪಿಯ ಬೀದಿಗಳಲ್ಲಿ, ಗೋವೆಯ ಅಂಜುನಾ ಸಂತೆಯಲ್ಲಿ ಕನ್ನಡಿ ಕಸೂತಿಯ ಚೀಲಗಳನ್ನೂ ಹೊದಿಕೆಗಳನ್ನೂ ವಿದೇಶೀಯರಿಗೆ ಮಾರುವ ಲಂಬಾಣಿ ಹೆಂಗಸರು ಪ್ರವಾಸಿಗರಿಗೆ ಪರಿಚಿತರಾದರು. ಅಜ್ಜಿ ವರ್ಷಗಟ್ಟಲೆ ಹೊಲಿದುದನ್ನು ಒಮ್ಮೆ ಮಾರಿದರೆ ಮುಗಿಯಿತು. ಮತ್ತೆ ಮಾರಲು ಇನ್ನೊಬ್ಬ ಅಜ್ಜಿಯಿಲ್ಲ. ಹಳೆಯದನ್ನು ಮಾರುವುದರ ಬದಲು ಹೊಲಿಯುವ ಕೈಯ ಶ್ರಮಕ್ಕೇ ಬೆಲೆ ದೊರೆಯುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಹತ್ತಿರದ ಸಂಡೂರಿನಲ್ಲಿ ಒಂದು ಉತ್ತರ ಹುಟ್ಟಿತು.

ಸಂಡೂರಿನ ಪಾಠ

ಹೊಸಹಳ್ಳಿಯಿಂದ ಕೂಡ್ಲಿಗಿಗೆ ಬಂದು ಈಶಾನ್ಯಕ್ಕೆ ತಿರುಗಿದರೆ ಬೆಟ್ಟಗಳ ಬಾಗಿಲನ್ನು ದಾಟಿ ಸಂಡೂರು ಸಿಗುತ್ತದೆ. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿಗೂ ಕುಮಾರಸ್ವಾಮಿಯ ಗುಡಿಗೂ ಹೆಸರಾದ ಈ ಊರಿನಲ್ಲಿ, 1980ರ ದಶಕದಲ್ಲಿ, ಅಲ್ಲಿನ ಘೋರ್ಪಡೆ ಮನೆತನದ ಪ್ರೋತ್ಸಾಹದಿಂದ ‘ಸಂಡೂರು ಕುಶಲ ಕಲಾ ಕೇಂದ್ರ’ ಆರಂಭವಾಯಿತು. ಸುತ್ತಿನ ತಾಂಡಾಗಳ ಹೆಂಗಸರ ಕೈಕಸೂತಿಯನ್ನು ಉಳಿಸಿ, ಅದರಿಂದಲೇ ಅವರಿಗೆ ವರಮಾನ ಕಲ್ಪಿಸುವುದು ಕೇಂದ್ರದ ಗುರಿ.

ಹೊಲಿಗೆ ಕಲಿಸುವ ಪ್ರಮೇಯ ಅಲ್ಲಿ ಬರಲಿಲ್ಲ. ಕೀಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ಡೋರಾ, ಕೌದಿ, ರೇಲೊ, ಗಾದ್ರಿ, ಭೂರಿಯಾ, ಪೋಟೆ, ಜೋಲ್ಯಾ, ನಾಕ್ರಾ ಎಂಬ 14 ಬಗೆಯ ಹೊಲಿಗೆಗಳು ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಎಣಿಕೆಯಾಗಿವೆ. ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ಬಟ್ಟೆಯ ಎಳೆ ಎಣಿಸಿ, ಗಂಟು ಕಾಣದಂತೆ ಹಾಕುವ ಕಟ್ಟುನಿಟ್ಟಿನ ಕಲೆ ಅದು. ಲಂಬಾಣಿ ಕಸೂತಿಯ ಸ್ವಭಾವ ಬೇರೆ. ಬಟ್ಟೆಯ ಮೇಲೆ ಬಟ್ಟೆಯ ತುಂಡನ್ನಿಟ್ಟು ಹೊಲಿಯುವುದು, ಕನ್ನಡಿಯನ್ನು ನೂಲಿನ ಬಲೆಯಲ್ಲಿ ಬಂಧಿಸುವುದು, ಅಂಚಿನಲ್ಲಿ ಸಣ್ಣ ತ್ರಿಕೋಣಗಳ ಸಾಲು ಕೂರಿಸುವುದು, ಇವೆಲ್ಲ ಅದರೊಳಗೆ ಸೇರುತ್ತವೆ. ಈ ಹೊಲಿಗೆಗಳನ್ನೆಲ್ಲ ನಲವತ್ತು-ಐವತ್ತರ ಹೆಂಗಸರು ಬಾಲ್ಯದಿಂದಲೇ ಬೆರಳ ತುದಿಯಲ್ಲಿಟ್ಟುಕೊಂಡಿದ್ದರು.

ಹಾಗಾದರೆ ಕಲಿಯಬೇಕಾದುದೇನು? ಪರರಿಗಾಗಿ ಹೊಲಿಯುವುದನ್ನು. ಹವ್ಯಾಸ ವೃತ್ತಿಯಾಗುವಾಗ ಎದುರಾಗುವ ತೊಡಕುಗಳೆಲ್ಲ ಇಲ್ಲಿಯೂ ಎದುರಾಗುವುದು ಸಹಜ. ತಾಂಡಾದಲ್ಲಿ ಒಂದು ಕಾಂಚಳಿಯಂತೆ ಇನ್ನೊಂದಿಲ್ಲ. ಹಾಗಿದ್ದರೆ ಅದು ಹೊಲಿದವಳಿಗೆ ಅವಮಾನ. ಅಂಗಡಿಯವರಿಗಾದರೋ ಐವತ್ತು ದಿಂಬಿನ ಹೊದಿಕೆಗಳು ಬೇಕೆಂದರೆ ಐವತ್ತೂ ಒಂದೇ ಅಳತೆಯವು ಬೇಕು. ಕೆಂಪಿನ ಪಕ್ಕದಲ್ಲಿ ಹಳದಿ, ಹಳದಿಯ ಪಕ್ಕದಲ್ಲಿ ಹಸಿರು ಬರಬೇಕೆಂಬುದು ತಾಂಡಾದ ಕಣ್ಣು. ಪಟ್ಟಣದ ದಿವಾನಖಾನೆಗೆ ಬೂದು, ಬಿಳಿ, ತಿಳಿನೀಲಿ ಒಪ್ಪುತ್ತದೆಂಬುದು ಕೊಳ್ಳುವವರ ಕಣ್ಣು. ಹಬ್ಬಕ್ಕೆ ತೊಟ್ಟು ಮಡಿಚಿಡುವ ಫೇಟಿಯಾಕ್ಕೆ ಮೇಲಿಂದ ಮೇಲೆ ಒಗೆತದ ಭಯವಿಲ್ಲ. ಪಟ್ಟಣದ ಮನೆಯ ಹೊದಿಕೆ ಬಣ್ಣ ಬಿಟ್ಟರೆ ಮರುದಿನವೇ ದೂರು ಬರುತ್ತದೆ. ಎಲ್ಲಕ್ಕಿಂತ ಕಠಿಣವಾದುದು ತಾರೀಖು. ಮಗಳ ಮದುವೆಯ ಮುಹೂರ್ತವನ್ನು ಬಿಟ್ಟರೆ ಬೇರೆ ಗಡುವನ್ನೇ ಕಾಣದಿದ್ದ ಸೂಜಿಗೆ ಇನ್ನು ಪ್ರತಿ ವಾರವೂ ಗಡುವು.

ಇಂಥ ಕೇಂದ್ರಗಳ ಕೆಲಸದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಬಟ್ಟೆಯನ್ನು ಅಳತೆಗೆ ಕತ್ತರಿಸಿ, ವಿನ್ಯಾಸದ ಗೆರೆ ಮೂಡಿಸಿ, ನೂಲು-ಕನ್ನಡಿಗಳ ಸಹಿತ ಹೆಂಗಸರಿಗೆ ಕೊಡುತ್ತಾರೆ. ಅವರು ಮನೆಯಲ್ಲೋ ಕೇಂದ್ರದಲ್ಲೋ ಕುಳಿತು ಹೊಲಿದು ತರುತ್ತಾರೆ. ನುರಿತವರೊಬ್ಬರು ಮುಂಬದಿ-ಹಿಂಬದಿಗಳನ್ನು ತಿರುವಿ ನೋಡಿ, ಸಡಿಲವಾದ ಕನ್ನಡಿಯಿದ್ದರೆ ಮರಳಿ ಕೊಟ್ಟು, ಸರಿಯಿದ್ದರೆ ನಗಕ್ಕಿಷ್ಟೆಂದು ಕೂಲಿ ಬರೆಯುತ್ತಾರೆ. ಮೂವತ್ತು ವರ್ಷ ತಾಂಡಾದಲ್ಲಿ ಭೇಷ್ ಎನಿಸಿಕೊಂಡವಳಿಗೆ ‘ಇದನ್ನು ಬಿಚ್ಚಿ ಮತ್ತೆ ಹಾಕಿ’ ಎಂಬ ಮಾತು ಹಿತವಾಗಿ ಕೇಳಿಸದು. ಅದನ್ನು ನುಂಗಿಕೊಂಡು ಬಿಚ್ಚಿ ಮತ್ತೆ ಹಾಕಿದ ದಿನವೇ ಆಕೆ ವೃತ್ತಿಗಾರ್ತಿಯಾದ ದಿನವೆನ್ನಬೇಕು.

ತಡವಾದ ಆರಂಭವೆ?

ನಡುವಯಸ್ಸಿನಲ್ಲಿ ಹೊಸ ವೃತ್ತಿ ಹಿಡಿಯುವವರನ್ನು ಲೋಕ ಅನುಕಂಪದಿಂದ ನೋಡುತ್ತದೆ. ಈ ವೃತ್ತಿಯಲ್ಲಿ ಮಾತ್ರ ಅನುಕಂಪಕ್ಕೆ ಎಡೆಯಿಲ್ಲ. ಇಪ್ಪತ್ತರ ಹುಡುಗಿಗೆ ಈ ಹೊಲಿಗೆಗಳಲ್ಲಿ ಮೂರು ನಾಲ್ಕು ಬಂದರೆ ಹೆಚ್ಚು. ಆಕೆ ಶಾಲೆಗೆ ಹೋದಳು, ಅದು ಆಗಬೇಕಾದುದೇ. ಬಾಲ್ಯದಲ್ಲಿ ಕಲಿತು ಯೌವನವಿಡೀ ಹೊಲಿದವಳು ನಲವತ್ತರವಳು. ಹೀಗಾಗಿ ವಯಸ್ಸು ಇಲ್ಲಿ ಅರ್ಹತೆಯೇ ಹೊರತು ಅಡ್ಡಿಯಲ್ಲ. ಇನ್ನೊಂದು ಕಾರಣವೂ ಉಂಟು. ಆ ಹೊತ್ತಿಗೆ ಮಕ್ಕಳು ಕೈಗೆ ಬಂದಿರುತ್ತಾರೆ. ಸೊಸೆ ಬಂದಿದ್ದರೆ ಒಲೆಯ ಭಾರ ತುಸು ಇಳಿದಿರುತ್ತದೆ. ಕಬ್ಬಿನ ಹೊರೆ ಹೊತ್ತ ಸೊಂಟ ಇನ್ನು ಸಾಕೆನ್ನುತ್ತಿರುತ್ತದೆ. ಹೊಲದ ಕೂಲಿಗೆ ಮುದುಕಿಯೆಂದು ಹಿಂದೆ ಸರಿಸುವ ವಯಸ್ಸಿನಲ್ಲಿ ಸೂಜಿಯ ಕೂಲಿಗೆ ಹಿರಿಯಳೆಂದು ಮುಂದೆ ಕೂರಿಸುತ್ತಾರೆ.

ಒಂದೇ ಕೊರತೆ ಕಣ್ಣು. ಅದಕ್ಕೆ ಮದ್ದು ಒಂದು ಜೊತೆ ಚಾಳೀಸು. ಕಸೂತಿ ಕೇಂದ್ರ ತೆರೆಯುವ ಸಂಘ-ಸಂಸ್ಥೆಗಳು ಹೊಲಿಗೆಯಂತ್ರಕ್ಕಿಂತ ಮುಂಚೆ ಕಣ್ಣಿನ ತಪಾಸಣೆಗೆ ಏರ್ಪಾಟು ಮಾಡಿದರೆ ಕೆಲಸಕ್ಕೆ ಇನ್ನೂ ಹತ್ತು-ಹದಿನೈದು ವರ್ಷಗಳ ಆಯುಸ್ಸು ಸೇರುವುದರಲ್ಲಿ ಸಂದೇಹವಿಲ್ಲ.

ಲೆಕ್ಕದ ಪುಸ್ತಕ

ಹವ್ಯಾಸಕ್ಕೆ ಹೊತ್ತಿನ ಲೆಕ್ಕವಿಲ್ಲ. ವೃತ್ತಿ ನಿಲ್ಲುವುದೇ ಅದರ ಮೇಲೆ. ತಿಳಿಯಲೆಂದು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ದಿಂಬಿನ ಹೊದಿಕೆ ಪಟ್ಟಣದ ಅಂಗಡಿಯಲ್ಲಿ 1,000 ರೂಪಾಯಿಗೆ ಮಾರಾಟವಾಯಿತೆನ್ನಿ. ಬಟ್ಟೆ, ನೂಲು, ಕನ್ನಡಿ, ಸಾಗಣೆಗೆ 200 ರೂಪಾಯಿ. ಅಂಗಡಿಯ ಪಾಲು 300. ಹೊಲಿದವಳಿಗೆ ಉಳಿದುದೆಲ್ಲ ಸಂದರೆ 500. ಅದಕ್ಕೆ ಹಿಡಿದುದು 20 ಗಂಟೆ. ಗಂಟೆಗೆ 25 ರೂಪಾಯಿ. ಎಂಟು ಗಂಟೆಯ ದಿನಕ್ಕೆ 200. ಸಾವಿರ ರೂಪಾಯಿಯೆಂದು ಹುಬ್ಬೇರಿಸಿದ ಗೃಹಿಣಿಗೂ, ಐನೂರು ಬಂದಿತೆಂದು ಹಿಗ್ಗಿದ ತಾಂಡಾದ ಹೆಂಗಸಿಗೂ ಈ ಕೊನೆಯ ಅಂಕೆ ಕಾಣಿಸುವುದಿಲ್ಲ. ಅಂಗಡಿಯಲ್ಲಿ ನೂರು ರೂಪಾಯಿ ಚೌಕಾಸಿ ಮಾಡಿ, ಆ ನೂರೂ ಹೊಲಿದವಳ ಪಾಲಿನಿಂದಲೇ ಕಳೆದರೆ ಆಕೆಯ ದಿನದ ಕೂಲಿ 160ಕ್ಕೆ ಇಳಿಯುತ್ತದೆ.

ಆದುದರಿಂದ ಬಲ್ಲವರು ಹೇಳುವ ಮೊದಲ ಬುದ್ಧಿವಾದವೆಂದರೆ ಗಂಟೆಗಳನ್ನು ಬರೆದಿಡುವುದು. ಯಾವ ಹೊಲಿಗೆಗೆ ಎಷ್ಟು ಹೊತ್ತು ಹಿಡಿಯಿತೆಂಬುದು ಬರಹದಲ್ಲಿದ್ದರೆ ಕೂಲಿಯನ್ನು ವಾದಿಸಿ ಕೇಳಬಹುದು. ಇಲ್ಲವಾದರೆ ‘ಬಿಡುವಿನಲ್ಲಿ ಮಾಡುವ ಕೆಲಸ ತಾನೆ’ ಎಂಬ ಮಾತಿಗೆ ಉತ್ತರವಿರುವುದಿಲ್ಲ. ಎರಡನೆಯದು, ದಲ್ಲಾಳಿಯ ಬದಲು ಸಂಘದ ಮೂಲಕ ಕೆಲಸ ಪಡೆಯುವುದು. ಮೂರನೆಯದು, ಒಂದೇ ಬಾಗಿಲನ್ನು ನೆಚ್ಚದಿರುವುದು. 2020ರಲ್ಲಿ ಕೊರೋನಾ ಸೋಂಕಿನ ಕಾರಣ ಮೇಳ-ಪ್ರದರ್ಶನಗಳೆಲ್ಲ ನಿಂತಾಗ, ಅವುಗಳನ್ನೇ ನಂಬಿದ್ದ ಕುಶಲಕರ್ಮಿಗಳು ದೇಶದಾದ್ಯಂತ ಕೈಕಟ್ಟಿ ಕುಳಿತುಕೊಳ್ಳಬೇಕಾಯಿತು.

ಸರ್ಕಾರದ ಕಣ್ಣಿಗೂ ಈ ಕೆಲಸ ಇನ್ನೂ ಪೂರ್ತಿಯಾಗಿ ಬಿದ್ದಿಲ್ಲ. ಕೇಂದ್ರದ ಕರಕುಶಲ ಇಲಾಖೆ ಕುಶಲಕರ್ಮಿಗಳಿಗೆ ‘ಪೆಹಚಾನ್’ ಎಂಬ ಗುರುತಿನ ಚೀಟಿ ಕೊಡುತ್ತದೆ. ಅದು ಹಲವು ಸವಲತ್ತುಗಳಿಗೆ ಬಾಗಿಲು. ಆದರೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಗೆ ಸ್ಥಾನವಿದೆ, ಹೂಮಾಲೆ ಕಟ್ಟುವವರಿಗಿದೆ, ಬುಟ್ಟಿ ಹೆಣೆಯುವವರಿಗಿದೆ, ಕಸೂತಿಯ ಹೆಸರಿಲ್ಲ.

ಹೆಸರಿನ ರಕ್ಷಣೆ

2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಮೈಸೂರು ರೇಷ್ಮೆಗೂ ಬಿದರಿ ಕೆಲಸಕ್ಕೂ ಇರುವ ಮನ್ನಣೆಯೇ ಇದು. 1999ರ ಕಾಯಿದೆಯಂತೆ ಚೆನ್ನೈಯ ನೋಂದಣಿ ಕಚೇರಿಯಲ್ಲಿ ದಾಖಲಾಗುವ ಈ ಹಕ್ಕು ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಬೇರೆಡೆಯ ಮಾಲನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಕಾಯಿದೆ ಕಾಯುವುದು ಹೆಸರನ್ನು. ಹೆಸರು ಹೇಳದೆ ಯಂತ್ರದಲ್ಲಿ ಅದೇ ಬಗೆಯ ನಕ್ಷೆ ತೆಗೆದು ಕಾಲುಬೆಲೆಗೆ ಮಾರುವವನನ್ನು ತಡೆಯುವುದು ಅಷ್ಟು ಸುಲಭವಲ್ಲ. ತಯಾರಕರು ಅಧಿಕೃತ ಬಳಕೆದಾರರೆಂದು ತಮ್ಮ ಹೆಸರನ್ನು ನೋಂದಾಯಿಸಿಕೊಂಡಾಗಲೇ ಈ ಹಕ್ಕು ಅವರ ಕೈಗೆ ಬಂದಂತೆ.

ಕೇಂದ್ರದ ಕೆಲಸಕ್ಕೆ 2004 ಮತ್ತು 2012ರಲ್ಲಿ ಯುನೆಸ್ಕೋದ ಉತ್ಕೃಷ್ಟತಾ ಮುದ್ರೆ ಲಭಿಸಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಮಿಕ್ಕಿದ ಲಂಬಾಣಿ ಹೆಂಗಸರ ಕೈಕೆಲಸದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಇವು ಹೆಮ್ಮೆಯ ಸಂಗತಿಗಳು. ಆದರೂ ದಾಖಲೆಯ ದಿನದ ಚಪ್ಪಾಳೆಗಿಂತ ಅದರ ಮರುದಿನದ ಕೆಲಸದ ಬೇಡಿಕೆಯೇ ತಾಂಡಾದ ಒಲೆಗೆ ಮುಖ್ಯ.

ಮನೆಯೊಳಗಿನ ಬದಲಾವಣೆ

ಹೊಲದ ಕೂಲಿ ಬಹುತೇಕ ಸಂಸಾರದ ಕೂಲಿ. ಗುಳೆಯ ಮುಂಗಡವನ್ನು ಗಂಡಸರು ಪಡೆಯುತ್ತಾರೆ, ಹೆಂಡತಿಯ ದುಡಿಮೆ ಅದರೊಳಗೆ ಕರಗಿಹೋಗುತ್ತದೆ. ಸೂಜಿಯ ಕೂಲಿ ಹಾಗಲ್ಲ. ಅದು ಆಕೆಯ ಹೆಸರಿನಲ್ಲಿ ಬರೆಯಲ್ಪಟ್ಟು ಆಕೆಯ ಖಾತೆಗೆ ಸೇರಬಲ್ಲದು. ಮೊತ್ತ ದೊಡ್ಡದಲ್ಲದಿರಬಹುದು. ಆದರೂ ಮಗಳ ಕಾಲೇಜಿನ ಶುಲ್ಕಕ್ಕೋ, ಅತ್ತೆಯ ಔಷಧಕ್ಕೋ ಸಾಲಗಾರನ ಬಾಗಿಲು ಬಡಿಯದಿದ್ದರೆ ಅದು ಸಣ್ಣ ಸಂಗತಿಯಲ್ಲ. ಎಲ್ಲಕ್ಕೂ ಮಿಗಿಲಾಗಿ, ತಾಯಿ ತಾಂಡಾದಲ್ಲಿ ಉಳಿದರೆ ಮಕ್ಕಳೂ ಉಳಿಯುತ್ತಾರೆ. ಶಾಲೆಯ ಹಾಜರಿಯಲ್ಲಿ ಆರು ತಿಂಗಳ ಬಿರುಕು ಬೀಳುವುದಿಲ್ಲ. ಸೂಜಿಯೊಂದೇ ಗುಳೆಯನ್ನು ನಿಲ್ಲಿಸೀತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಮಳೆ ಮತ್ತು ನೀರಾವರಿಗಳು ಮಾಡಬೇಕಾದ ಕೆಲಸ ಅದು. ಆದರೆ ಹೋಗಲೇಬೇಕಾದ ಸಂಸಾರದಲ್ಲಿ ಒಬ್ಬಳಾದರೂ ಉಳಿಯಲು ಅದು ಕಾರಣವಾಗಬಲ್ಲದು.

ಉಳಿದ ಪ್ರಶ್ನೆ

ಲಾಭದ ಜೊತೆಗೆ ನಷ್ಟವನ್ನೂ ಬರೆಯಬೇಕು. ಫೇಟಿಯಾ ಹೊಲಿದ ಕೈ ಇಂದು ಬಹುಮಟ್ಟಿಗೆ ದಿಂಬಿನ ಹೊದಿಕೆ, ಕೈಚೀಲ, ಕುರ್ತಾದ ಅಂಚುಗಳನ್ನು ಹೊಲಿಯುತ್ತಿದೆ. ಹೊಲಿಗೆಗಳು ಉಳಿದವು, ಅವುಗಳೆಲ್ಲ ಕೂಡಿ ಆಗುತ್ತಿದ್ದ ಉಡುಗೆ ಅಪರೂಪವಾಯಿತು. ಪೂರ್ಣ ಉಡುಗೆಗೆ ಈಗ ಬೇಡಿಕೆಯಿರುವುದು ಹೆಚ್ಚಾಗಿ ಲಂಬಾಣಿ ನೃತ್ಯದ ತಂಡಗಳಿಂದ. ಹಂಪಿ ಉತ್ಸವ, ಮೈಸೂರು ದಸರೆಯಂಥ ಮೆರವಣಿಗೆಗಳಿಗೆ ತಂಡವೊಂದು ಹೊರಡಬೇಕಾದರೆ ಎಲ್ಲರಿಗೂ ಉಡುಗೆ ಬೇಕು. ಅವಸರಕ್ಕೆ ಮಿರುಗು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದವೇ ಅಗ್ಗವಾಗಿ ಸಿಗುತ್ತವೆ. ಕೈಯಿಂದ ಹೊಲಿದ ನಿಜವಾದ ಉಡುಗೆಯನ್ನು ಆರು ತಿಂಗಳು ಮುಂಚೆಯೇ ಹೇಳಿ, ತಕ್ಕ ಮುಂಗಡ ಕೊಟ್ಟು ಮಾಡಿಸಿಕೊಳ್ಳುವ ಪರಿಪಾಠ ಬೆಳೆದರೆ ಈ ತಾಲ್ಲೂಕುಗಳ ಹಿರಿಯ ಹೆಂಗಸರಿಗೆ ಅದಕ್ಕಿಂತ ಒಪ್ಪುವ ಉದ್ಯೋಗ ಬೇರೊಂದಿಲ್ಲ.

ತಡ ಮಾಡಿದರೆ ಏನಾಗುತ್ತದೆಂಬುದಕ್ಕೆ ನೆರೆಯ ತಮಿಳುನಾಡಿನ ಉದಾಹರಣೆ ಇದೆ. ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ ಕಣಿವೆಯ ಲಂಬಾಡಿಗರಲ್ಲಿ ಈ ಕಸೂತಿ ಎರಡು ತಲೆಮಾರುಗಳಿಂದ ಮರೆತುಹೋಗಿತ್ತು. 2006ರ ಸುಮಾರಿಗೆ, ಅಲ್ಲಿ ಆಸ್ಪತ್ರೆ ನಡೆಸುತ್ತಿದ್ದ ವೈದ್ಯೆ ಡಾ. ಲಲಿತಾ ರೇಗಿಯವರ ಆಸಕ್ತಿಯಿಂದ ಅದನ್ನು ಮತ್ತೆ ಹುಟ್ಟಿಸಲು ಹೊರಟಾಗ ಹೊಲಿಗೆಗಳನ್ನು ಬಲ್ಲವರಾಗಿ ಸಿಕ್ಕಿದವರು ಇಬ್ಬರೇ ಹಿರಿಯ ಹೆಂಗಸರು. ಆ ಇಬ್ಬರಿಂದ ಕಲಿತವರು ಇನ್ನೊಬ್ಬರಿಗೆ ಕಲಿಸುತ್ತ ಕಟ್ಟಿದ ಸಂಘಕ್ಕೆ ‘ಪೊರ್ಗಾಯ್’ ಎಂದು ಹೆಸರಿಟ್ಟರು. ಅವರ ನುಡಿಯಲ್ಲಿ ಅದಕ್ಕೆ ಹೆಮ್ಮೆಯೆಂದು ಅರ್ಥ. ನಮ್ಮ ತಾಂಡಾಗಳು ಆ ಸ್ಥಿತಿಗೆ ಇನ್ನೂ ಬಂದಿಲ್ಲವೆಂಬುದು ಸಮಾಧಾನದ ಸಂಗತಿ.

ಪಟ್ಟಣದ ಗೃಹಿಣಿಯರು ಇದರಲ್ಲಿ ಮಾಡಬಹುದಾದುದು ಬಹಳವಿಲ್ಲ, ಕಷ್ಟದ್ದೂ ಅಲ್ಲ. ಕನ್ನಡಿ ಕಸೂತಿಯ ವಸ್ತುವನ್ನು ಕೊಳ್ಳುವಾಗ ಅದನ್ನು ಒಮ್ಮೆ ತಿರುವಿ ಹಿಂಬದಿಯನ್ನು ನೋಡಬೇಕು. ಹಿಂಬದಿಯ ತುಂಬ ಒಂದೇ ಬಣ್ಣದ ಅಡಿದಾರ ಒತ್ತಾಗಿ ಓಡಿದ್ದರೆ ಅದು ಯಂತ್ರದ ಕೆಲಸ. ಮುಂಬದಿಯ ಬಣ್ಣಗಳೇ ಹಿಂದೆಯೂ ಕಂಡು, ಅಲ್ಲಲ್ಲಿ ನೂಲು ನಿಂತು ಮತ್ತೆ ಹೊರಟ ಗುರುತಿದ್ದರೆ ಅಲ್ಲೊಬ್ಬಳು ಕುಳಿತು ಹೊಲಿದಿದ್ದಾಳೆ. ಕನ್ನಡಿಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಅಂಟಿಸಿದ್ದೋ ಹೊಲಿದದ್ದೋ ತಿಳಿಯುತ್ತದೆ. ಹೊಲಿದದ್ದಾದರೆ ಚೌಕಾಸಿಗೆ ಮುಂಚೆ ಗಂಟೆಯ ಲೆಕ್ಕವನ್ನು ನೆನೆಯುವುದು ಮೇಲು.

ಇತ್ತ ತಾಂಡಾದ ಬೇವಿನ ನೆರಳು ಮಗ್ಗುಲು ಬದಲಿಸಿದೆ. ಕಾಲೇಜಿಗೆ ಹೋಗುವ ಮಗಳು ಸೂಜಿಗೆ ನೂಲು ಪೋಣಿಸಿಕೊಟ್ಟು, ಲೆಕ್ಕದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ತಾಯಿಗೆ ಬರಹ ಬಾರದು. ಗಂಟೆಗಳನ್ನು ಬರೆಯುವ ಕೆಲಸ ಮಗಳದು. ಪುಸ್ತಕದಲ್ಲಿ ತಾರೀಖಿಗೊಂದು ಸಾಲು, ಹೊತ್ತಿಗೊಂದು ಸಾಲು, ಹೊಲಿಗೆಯ ಹೆಸರಿಗೊಂದು ಸಾಲು. ಮೊದಲೆರಡನ್ನು ತುಂಬಿ ಹುಡುಗಿಯ ಲೇಖನಿ ಮೂರನೆಯದರ ಮುಂದೆ ನಿಲ್ಲುತ್ತದೆ.

“ಯಾಡಿ, ಇದಕ್ಕೇನನ್ನುತ್ತಾರೆ?”

ತಾಯಿ ಚಾಳೀಸನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಹೆಸರು ಹೇಳುತ್ತಾಳೆ. ಅದು ಹೇಗೆ ಬರುತ್ತದೆಂದು ತೋರಿಸಲು ಬಟ್ಟೆಯನ್ನು ಮಗಳ ಕಡೆಗೆ ಸರಿಸುತ್ತಾಳೆ.